ಬಿಸಿಲಿನ ಲೆಕ್ಕ: ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಕೆದಕಬೇಕು

ಏಪ್ರಿಲ್ ಮುಗಿಯುವ ಹೊತ್ತಿಗೆ ರಾಯಚೂರಿನ ವಾಟ್ಸಾಪ್ ಗುಂಪುಗಳಲ್ಲಿ ಸ್ಕ್ರೀನ್‌ಶಾಟ್‌ಗಳ ಓಡಾಟ ಶುರುವಾಗುತ್ತದೆ. ಯಾರದೋ ಮೊಬೈಲಿನಲ್ಲಿ 47 ಡಿಗ್ರಿ. ಹವಾಮಾನ ಇಲಾಖೆಯ ಲೆಕ್ಕ ನೋಡಿದರೆ ಅದಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ. ಕೂಡಲೇ ಎರಡು ಪಂಗಡ. ಸರ್ಕಾರ ಬಿಸಿಲನ್ನೂ ಮುಚ್ಚಿಡುತ್ತದೆ ಅನ್ನುವವರು ಒಂದು ಕಡೆ. ಭೂಮಿ ಬಿಸಿಯಾಗುತ್ತಿದೆ ಅನ್ನುವುದೇ ಹೊರದೇಶದವರ ನಾಟಕ, ನಮ್ಮಜ್ಜನ ಕಾಲದಲ್ಲೂ ಬಿಸಿಲು ಹೀಗೇ ಇತ್ತು ಅನ್ನುವವರು ಇನ್ನೊಂದು ಕಡೆ.

ಇಬ್ಬರಿಗೂ ಅಂಕಿಯ ಮೇಲೆ ನಂಬಿಕೆ ಇಲ್ಲ. ಸಂಶಯ ಪಡುವುದು ತಪ್ಪೇನಲ್ಲ. ಆದರೆ ನಮ್ಮ ಸಂಶಯ ಹೋಗಬಾರದ ಕಡೆ ಹೋಗುತ್ತಿದೆ ಅನ್ನುವುದು ನನ್ನ ತಕರಾರು. ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ಮನುಷ್ಯ ಕಾರಣ ಅನ್ನುವ ಮಾತಿಗೆ ಇರುವ ಆಧಾರ ಬಹಳ ಗಟ್ಟಿ. ನಿಮ್ಮ ಪಂಚಾಯಿತಿಯಲ್ಲಿ ಹೋದ ವಾರ ಎಷ್ಟು ಮಳೆ ಬಿತ್ತು ಅನ್ನುವ ಅಂಕಿ ಅಷ್ಟು ಗಟ್ಟಿಯಲ್ಲ. ಗಟ್ಟಿ ಇರುವುದನ್ನು ಹಿಡಿದು ಜಗ್ಗಾಡುತ್ತೇವೆ, ಸಡಿಲ ಇರುವುದನ್ನು ಸುಮ್ನೆ ಒಪ್ಪಿಕೊಳ್ಳುತ್ತೇವೆ.

ಮೊದಲು ಆ ಮೊಬೈಲಿನ 47. ಬಹಳಷ್ಟು ಆ್ಯಪ್‌ಗಳ ಅಂಕಿ ರಾಯಚೂರಿನಲ್ಲಿ ಇಟ್ಟ ಯಾವುದೋ ಥರ್ಮಾಮೀಟರ್‌ನಿಂದ ಬಂದದ್ದಲ್ಲ. ಕಂಪ್ಯೂಟರ್ ಮಾದರಿಯೊಂದು ಹತ್ತಾರು ಕಿಲೋಮೀಟರ್ ಅಗಲದ ಚೌಕಕ್ಕೆ ಲೆಕ್ಕ ಹಾಕಿ ಕೊಟ್ಟ ಅಂದಾಜು ಅದು. ಜೊತೆಗೆ ಗಾಳಿಯ ತೇವ ಸೇರಿಸಿ "ಮೈಗೆ ಇಷ್ಟು ಅನಿಸುತ್ತದೆ" ಅನ್ನುವ ಇನ್ನೊಂದು ಅಂಕಿಯನ್ನೂ ತೋರಿಸುತ್ತಾರೆ. ಸ್ಕ್ರೀನ್‌ಶಾಟ್ ಆಗಿ ಓಡುವುದು ಹೆಚ್ಚಾಗಿ ಅದೇ. ಹವಾಮಾನ ಇಲಾಖೆ ಅಳೆಯುವುದು ನೆರಳಿನ ಗಾಳಿಯ ಬಿಸಿಯನ್ನು. ಬಿಳಿ ಬಣ್ಣ ಬಳಿದ, ಸುತ್ತಲೂ ಜಾಲಂಧ್ರದಂಥ ಪಟ್ಟಿಗಳಿರುವ ಮರದ ಪೆಟ್ಟಿಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಯಲಿನಲ್ಲಿ. ಅದರೊಳಗೆ ಥರ್ಮಾಮೀಟರ್. ಇದನ್ನು ರೂಪಿಸಿದವನು ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್. (ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ ಅಪ್ಪ. ಮಗ ಜಾಸ್ತಿ ಹೆಸರು ಮಾಡಿದ, ಆದರೆ ಅಪ್ಪನ ಪೆಟ್ಟಿಗೆ ಜಗತ್ತಿನ ತುಂಬ ಇದೆ.) ಡಾಂಬರು ರಸ್ತೆಯ ಮೇಲೆ ನಿಂತ ಕಾರಿನ ಅಂಕಿಗೂ ಈ ಪೆಟ್ಟಿಗೆಯ ಅಂಕಿಗೂ ತಾಳೆ ಆಗಲೇಬೇಕಿಲ್ಲ.

ಆದರೆ "ಇಲಾಖೆ ಬಿಸಿಗಾಳಿ ಅಂತ ಹೇಳುವುದೇ ಇಲ್ಲ" ಅನ್ನುವ ದೂರಿನಲ್ಲಿ ಹುರುಳಿದೆ. ಬಯಲು ಸೀಮೆಗೆ ಇಲಾಖೆಯ ನಿಯಮ ಹೀಗಿದೆ: ಗರಿಷ್ಠ ಉಷ್ಣಾಂಶ ಕನಿಷ್ಠ 40 ಇರಬೇಕು, ಜೊತೆಗೆ ಆ ಊರಿನ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ರಾಯಚೂರಿನಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 43ರಲ್ಲಿ ಕೂಲಿಯವರು ಬೇಯುತ್ತಿದ್ದರೂ ನಿಯಮದ ಪ್ರಕಾರ ಅದು ಬಿಸಿಗಾಳಿಯಲ್ಲ. ಇಲ್ಲಿ ಅಳತೆ ಸರಿಯಾಗಿಯೇ ಇದೆ, ಅದಕ್ಕೆ ಎಳೆದ ಗೆರೆ ನಮ್ಮ ಊರಿಗೆ ಹೊಂದುವುದಿಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡದಿದ್ದರೆ ಜಗಳ ಮುಗಿಯುವುದಿಲ್ಲ.

ಹಾಗಂತ ಉಪಕರಣ ತಪ್ಪುವುದಿಲ್ಲ ಅಂತಲ್ಲ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ದೇಶವೇ ಬೆಚ್ಚಿಬಿತ್ತು. ಇಲಾಖೆಯವರು ಹೋಗಿ ತಪಾಸಣೆ ಮಾಡಿದರೆ ಆ ಸೆನ್ಸರ್ ಸುಮಾರು 3 ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಇನ್ನೂ ಹಳೆಯ ಕಥೆಯೊಂದಿದೆ. ಲಿಬಿಯಾದ ಅಲ್ ಅಜೀಜಿಯಾದಲ್ಲಿ 1922ರಲ್ಲಿ ದಾಖಲಾದ 58 ಡಿಗ್ರಿ ಬಹಳ ಕಾಲ ಜಗತ್ತಿನ ದಾಖಲೆ ಅನ್ನಿಸಿಕೊಂಡಿತ್ತು. ಹೊಸ ಸಿಬ್ಬಂದಿಯೊಬ್ಬ ಥರ್ಮಾಮೀಟರ್ ಓದುವಾಗ ತಪ್ಪಿದ್ದಾನೆ ಅಂತ ವಿಶ್ವ ಹವಾಮಾನ ಸಂಸ್ಥೆ 2012ರಲ್ಲಿ ಅದನ್ನು ರದ್ದು ಮಾಡಿತು. ತೊಂಬತ್ತು ವರ್ಷ ಆದ ಮೇಲೆ! ಗಮನಿಸಿ, ಎರಡೂ ಸಲ ಕಡಿಮೆಯಾದದ್ದು ಬಿಸಿಯ ದಾಖಲೆಯೇ. ಬಿಸಿಯನ್ನು ಉಬ್ಬಿಸಿ ತೋರಿಸುವ ಪಿತೂರಿ ಇದ್ದಿದ್ದರೆ ಈ ಎರಡು ಅಂಕಿಗಳನ್ನು ಯಾರಾದರೂ ಬಿಟ್ಟುಕೊಡುತ್ತಿದ್ದರಾ?

ನಮ್ಮ ಭಾಗದ ದಾಖಲೆಗಳಿಗೆ ಬೇರೆಯದೇ ತೊಡಕಿದೆ. ಬಳ್ಳಾರಿ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಯಚೂರು, ಕೊಪ್ಪಳ ಹೈದರಾಬಾದಿನ ಕೈಯಲ್ಲಿದ್ದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲ ಆ ಕಡೆ ಹೋದವು. ಈಗ ಯಾರಾದರೂ "ಬಳ್ಳಾರಿ ಜಿಲ್ಲೆಯ ಸರಾಸರಿ ಮಳೆ ಹೀಗೆ ಬದಲಾಗಿದೆ" ಅಂತ 2015ನ್ನೂ 2023ನ್ನೂ ಪಕ್ಕದಲ್ಲಿಟ್ಟು ತೋರಿಸಿದರೆ, ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಯಾವ ಬಳ್ಳಾರಿ? ಮೋಡ ಬದಲಾಗದಿದ್ದರೂ ಗಡಿ ಬದಲಾದರೆ ಸರಾಸರಿ ಬದಲಾಗುತ್ತದೆ.

"ವಾಡಿಕೆ ಮಳೆ" ಅನ್ನುವುದೂ ಹಾಗೆಯೇ. ದೇಶದ ಮುಂಗಾರು ವಾಡಿಕೆ ಮೊದಲು 88 ಸೆಂ.ಮೀ. ಇತ್ತು, 1961ರಿಂದ 2010ರ ಸರಾಸರಿ. 2022ರಲ್ಲಿ ಅದನ್ನು 1971ರಿಂದ 2020ರ ಸರಾಸರಿಗೆ ಬದಲಿಸಿದರು, 87 ಆಯಿತು. ಇಂಥ ಬದಲಾವಣೆ ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಆದರೆ ಹೋಲಿಕೆಯ ಗೆರೆಯೇ ಕೆಳಗಿಳಿದರೆ ಕೊರತೆ ಸ್ವಲ್ಪ ಸಣ್ಣದಾಗಿ ಕಾಣುತ್ತದೆ ಅನ್ನುವುದು ಬರದ ಪರಿಹಾರಕ್ಕೆ ಕಾಯುವವರಿಗೆ ಗೊತ್ತಿರಬೇಕು.

ಇಷ್ಟೆಲ್ಲ ತೊಡಕಿದ್ದರೆ ಜಗತ್ತಿನ ಲೆಕ್ಕವನ್ನು ನಂಬುವುದು ಹೇಗೆ?

ವಿಜ್ಞಾನಿಗಳು ನೋಡುವುದು ಒಂದೊಂದು ಕೇಂದ್ರದಲ್ಲೂ ಆದ ಏರಿಳಿತವನ್ನು. ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಒಂದು ಕಾಟಾ ಯಾವಾಗಲೂ ಎರಡು ಕೆ.ಜಿ. ಜಾಸ್ತಿ ತೋರಿಸುತ್ತದೆ ಅಂದುಕೊಳ್ಳಿ. ಚೀಲದ ತೂಕ ತಪ್ಪು, ಆದರೆ ಹೋದ ಸಲಕ್ಕಿಂತ ಈ ಸಲ ಎಷ್ಟು ಹೆಚ್ಚು ಅನ್ನುವುದು ಸರಿಯಾಗೇ ಸಿಗುತ್ತದೆ. ತೊಂದರೆ ಆಗುವುದು ನಡುವೆ ಕಾಟಾ ಬದಲಿಸಿದಾಗ. ಕೇಂದ್ರ ಊರೊಳಗಿಂದ ಹೊರಗೆ ಹೋಯಿತು, ಓದುವ ಹೊತ್ತು ಬದಲಾಯಿತು, ಪಾದರಸದ ಬದಲು ಎಲೆಕ್ಟ್ರಾನಿಕ್ ಸೆನ್ಸರ್ ಬಂತು. ಆಗ ಅಂಕಿಯಲ್ಲಿ ಒಮ್ಮೆಲೇ ಒಂದು ಮೆಟ್ಟಿಲು ಕಾಣುತ್ತದೆ. ಅಕ್ಕಪಕ್ಕದ ಕೇಂದ್ರಗಳ ಜೊತೆ ಹೋಲಿಸಿ ಆ ಮೆಟ್ಟಿಲನ್ನು ತೆಗೆಯುತ್ತಾರೆ. "ಡೇಟಾ ತಿದ್ದಿದ್ದಾರೆ" ಅನ್ನುವ ದೊಡ್ಡ ಆರೋಪದ ಹಿಂದೆ ಇರುವುದು ಇದೇ ಕೆಲಸ.

ಹೌದು, ತಿದ್ದಿದ್ದಾರೆ. ಯಾವ ಕಡೆಗೆ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಹಿಂದೆ ಹಡಗಿನವರು ಸಮುದ್ರದ ನೀರನ್ನು ಬಕೆಟ್‌ನಲ್ಲಿ ಮೇಲೆತ್ತಿ ಅಳೆಯುತ್ತಿದ್ದರು. ಮೇಲೆ ಬರುವಷ್ಟರಲ್ಲಿ ಗಾಳಿಗೆ ನೀರು ಆರಿ ತಣ್ಣಗಾಗುತ್ತಿತ್ತು. ಆಮೇಲೆ ಎಂಜಿನ್‌ಗೆ ಹೋಗುವ ನೀರನ್ನು ಅಳೆಯಲು ಶುರು ಮಾಡಿದರು, ಅದು ಸ್ವಲ್ಪ ಬಿಸಿ. ಹಾಗೇ ಬಿಟ್ಟಿದ್ದರೆ ಸಮುದ್ರ ನಿಜಕ್ಕಿಂತ ಜಾಸ್ತಿ ಬಿಸಿಯಾದಂತೆ ಕಾಣುತ್ತಿತ್ತು. ತಿದ್ದುಪಡಿ ಹಳೆಯ ಅಂಕಿಗಳನ್ನು ಮೇಲೆತ್ತಿತು. ನೆಲ, ಸಮುದ್ರ ಎರಡನ್ನೂ ಕೂಡಿಸಿದರೆ, ತಿದ್ದುಪಡಿಯಿಂದ ಶತಮಾನದ ಒಟ್ಟು ಬಿಸಿಯೇರಿಕೆ ತುಸು ಕಡಿಮೆಯೇ ಆಗಿದೆ.

ಊರು ಬೆಳೆದು ಕಾಂಕ್ರೀಟಾದದ್ದರಿಂದ ಮಾತ್ರ ಅಂಕಿ ಏರಿದೆ ಅನ್ನುವ ವಾದವೂ ಇದೆ. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್‌ಗೆ ಇದೇ ಸಂಶಯ ಇತ್ತು. ಅವರು ಬರ್ಕ್ಲಿ ಅರ್ತ್ ಅನ್ನುವ ತಂಡ ಕಟ್ಟಿ ಎಲ್ಲ ದಾಖಲೆಗಳನ್ನೂ ಮೊದಲಿನಿಂದ ಲೆಕ್ಕ ಹಾಕಿದರು. ಹಣ ಕೊಟ್ಟವರಲ್ಲಿ ಎಣ್ಣೆ ಉದ್ಯಮಿ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. 2012ರಲ್ಲಿ ಮುಲ್ಲರ್ ತಾವೇ ಬರೆದು ಒಪ್ಪಿಕೊಂಡರು: ಹಿಂದಿನವರ ಲೆಕ್ಕ ಸರಿ, ಕಾರಣ ಬಹುತೇಕ ಪೂರ್ತಿ ಮನುಷ್ಯನೇ. ಇನ್ನು ಸಮುದ್ರದ ನಡುವೆ ಯಾವ ಊರೂ ಇಲ್ಲ ಅಲ್ವಾ? ಹೆಚ್ಚುವರಿ ಬಿಸಿಯ ಶೇಕಡಾ 90ರಷ್ಟು ಹೋಗಿ ಸೇರಿರುವುದು ಅಲ್ಲಿಗೇ.

ಇದಕ್ಕಿಂತ ನನಗೆ ಇಷ್ಟವಾದ ಸಾಕ್ಷಿ ಗೈ ಕ್ಯಾಲೆಂಡರ್ ಅನ್ನುವ ಇಂಗ್ಲಿಷ್ ಎಂಜಿನಿಯರ್. ಉಗಿಯ ಮೇಲೆ ಕೆಲಸ ಮಾಡುತ್ತಿದ್ದವನು, ಹವಾಮಾನ ಅವನಿಗೆ ಹವ್ಯಾಸ. 147 ಕೇಂದ್ರಗಳ ಅಂಕಿಗಳನ್ನು ಕೈಯಲ್ಲೇ ಕೂಡಿಸಿ, ಭೂಮಿ ಬಿಸಿಯಾಗುತ್ತಿದೆ, ಕಾರ್ಬನ್ ಡೈಆಕ್ಸೈಡ್ ಕಾರಣ ಅಂತ 1938ರಲ್ಲಿ ಹೇಳಿದ. ವಿಶ್ವಸಂಸ್ಥೆಯೇ ಇನ್ನೂ ಹುಟ್ಟಿರಲಿಲ್ಲ. ಹವಾಮಾನ ಬದಲಾವಣೆಯ ವಿಜ್ಞಾನವನ್ನು ಒಟ್ಟುಗೂಡಿಸಿ ವರದಿ ಕೊಡುವ ಅಂತರ ಸರ್ಕಾರಿ ಸಮಿತಿ ಐಪಿಸಿಸಿ ಬಂದದ್ದು 1988ರಲ್ಲಿ. ಅವನ ಗೆರೆಯನ್ನು ಇಂದಿನ ಗೆರೆಯ ಮೇಲಿಟ್ಟರೆ ಅಷ್ಟು ವರ್ಷಗಳಿಗೆ ಎರಡೂ ಹತ್ತಿರ ಹತ್ತಿರ ಕೂಡುತ್ತವೆ.

ಒಪ್ಪುವವರ ಕಡೆಯಿಂದಲೂ ತಪ್ಪಾಗಿದೆ. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಕರಗಿಹೋಗಬಹುದು ಅಂತ ಐಪಿಸಿಸಿಯ 2007ರ ವರದಿಯಲ್ಲಿತ್ತು. ನಮ್ಮದೇ ಭೂವಿಜ್ಞಾನಿ ವಿ.ಕೆ. ರೈನಾ ಹಿಮನದಿಗಳ ಬಗ್ಗೆ ಬೇರೆ ಚಿತ್ರ ಕೊಟ್ಟರು. ಆಗ ಐಪಿಸಿಸಿ ಅಧ್ಯಕ್ಷರಾಗಿದ್ದ ಆರ್.ಕೆ. ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಅಂತ ಜರೆದರು. 2010ರ ಜನವರಿಯಲ್ಲಿ ಐಪಿಸಿಸಿಯೇ 2035ರ ಮಾತು ಸರಿಯಲ್ಲ ಅಂತ ಒಪ್ಪಿಕೊಳ್ಳಬೇಕಾಯಿತು. ಪ್ರಶ್ನೆ ಕೇಳಿದವರನ್ನು ಹೀಯಾಳಿಸಿದ್ದು ಆ ತಪ್ಪಿಗಿಂತ ಜಾಸ್ತಿ ನಷ್ಟ ಮಾಡಿತು ಅಂತ ನನಗನ್ನಿಸುತ್ತದೆ.

ಈಗ ಅಜ್ಜನ ವಾದಕ್ಕೆ ಬರೋಣ. "ಬರ ಹೊಸದಾ? ಧಾತು ಈಶ್ವರ ಬರ ಕೇಳಿಲ್ಲವಾ?" ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 1876ರಿಂದ 78ರವರೆಗಿನ ಆ ಬರದಲ್ಲಿ ಬಳ್ಳಾರಿ ಸೀಮೆ ಖಾಲಿಯಾದಂತಾಗಿತ್ತು. ಆಗ ಗಾಳಿಯಲ್ಲಿ ಇಂದಿನಷ್ಟು ಇಂಗಾಲ ಇರಲಿಲ್ಲ. ಆ ಬರಕ್ಕೂ 1877ರ ಭಾರೀ ಎಲ್ ನಿನೋಗೂ, ಅಂದರೆ ಶಾಂತಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದಕ್ಕೂ, ನಂಟಿದೆ. ಬ್ರಿಟಿಷರ ತೆರಿಗೆ, ಧಾನ್ಯದ ಸಾಗಾಟ ಸೇರಿ ಬರ ಕ್ಷಾಮವಾಯಿತು. ಭಾರತದ ಹವಾಮಾನ ಇಲಾಖೆ ಅದಕ್ಕೆ ಒಂದು ವರ್ಷ ಮೊದಲು, 1875ರಲ್ಲಷ್ಟೇ ಹುಟ್ಟಿತ್ತು. 1904ರಲ್ಲಿ ಅದರ ಮುಖ್ಯಸ್ಥನಾದ ಗಿಲ್ಬರ್ಟ್ ವಾಕರ್, ಮುಂಗಾರು ಯಾಕೆ ಕೈಕೊಡುತ್ತದೆ ಅಂತ ಹುಡುಕುತ್ತ ಹೋಗಿ, ಎಲ್ ನಿನೋ ಜೊತೆ ನಂಟಿರುವ ಶಾಂತಸಾಗರದ ಗಾಳಿಯೊತ್ತಡದ ಏರಿಳಿತವನ್ನು ಕಂಡುಹಿಡಿದ. ಅಂದರೆ ಸಹಜವಾದ ಏರಿಳಿತವನ್ನು ಯಾರೂ ಮರೆತಿಲ್ಲ. ಅದನ್ನು ಕಲಿತದ್ದೇ ನಮ್ಮ ಬರಗಳಿಂದ.

ಹಾಗಾದರೆ ಈಗಿನ ಬಿಸಿ ಸಹಜವಲ್ಲ ಅಂತ ಹೇಗೆ ಗೊತ್ತು?

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ಗೆ ಸಿಂಗರೇಣಿಯಿಂದ ಬರುವ ಕಲ್ಲಿದ್ದಲನ್ನೇ ತೆಗೆದುಕೊಳ್ಳಿ. ಅದು 25 ಕೋಟಿ ವರ್ಷಗಳಿಗೂ ಹಿಂದಿನ ಗಿಡಮರ. ಇಂಗಾಲದಲ್ಲಿ ಕಾರ್ಬನ್-14 ಅನ್ನುವ ಬಗೆ ಸುಮಾರು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಅಷ್ಟು ಹಳೆಯ ಕಲ್ಲಿದ್ದಲಿನಲ್ಲಿ ಅದು ಉಳಿದಿರುವುದಿಲ್ಲ. ಗಿಡದಿಂದ ಬಂದದ್ದಾದ್ದರಿಂದ ಕಾರ್ಬನ್-13 ಅನ್ನುವ ಇನ್ನೊಂದು ಬಗೆಯ ಇಂಗಾಲವೂ ಕಡಿಮೆ. ಇಂಥ ಕಲ್ಲಿದ್ದಲು, ಎಣ್ಣೆ ಸುಟ್ಟಾಗ ಗಾಳಿಗೆ ಸೇರುವ ಇಂಗಾಲಕ್ಕೆ ಈ ಗುರುತು ಇರುತ್ತದೆ. ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿ ಮರದ ಬಳೆಗಳಲ್ಲಿ ಈ ಗುರುತನ್ನು 1950ರ ದಶಕದಲ್ಲೇ ತೋರಿಸಿದ. ಇಂದು ಗಾಳಿಯಲ್ಲಿ ಕಾರ್ಬನ್-13ರ ಪಾಲು ಇಳಿಯುತ್ತಿದೆ. ಉರಿಯಲು ಬೇಕಾದ ಆಮ್ಲಜನಕವೂ ಅದರ ಜೊತೆಗೇ ತುಸು ತುಸು ಕಡಿಮೆಯಾಗುತ್ತಿದೆ. ಜ್ವಾಲಾಮುಖಿ ಕಾರಣವಾಗಿದ್ದರೆ ಈ ಎರಡೂ ಹೀಗೆ ಆಗುತ್ತಿರಲಿಲ್ಲ.

ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 315 ಪಾಲು. ಈಗ 420 ದಾಟಿದೆ. ಕೈಗಾರಿಕೆಗಳು ಬರುವ ಮೊದಲು 280ರ ಸುತ್ತ ಇತ್ತು. ಇಲ್ಲೊಂದು ಮಜಾ ಇದೆ. ಈ ಅನಿಲ ಶಾಖದ ಕಿರಣಗಳನ್ನು ಹೀರುತ್ತದೆ. ಕೀಲಿಂಗ್‌ನ ಯಂತ್ರ ಅದನ್ನು ಅಳೆದದ್ದು ಆ ಗುಣವನ್ನೇ ಹಿಡಿದು. ಅದು ಶಾಖ ಹೀರದಿದ್ದರೆ ಆ ಯಂತ್ರದಲ್ಲಿ ಯಾವ ಅಂಕಿಯೂ ಬರುತ್ತಿರಲಿಲ್ಲ.

ಸೂರ್ಯನೇ ಜಾಸ್ತಿ ಕಾಯುತ್ತಿದ್ದಾನಾ? ಉಪಗ್ರಹಗಳು 1978ರಿಂದ ಅಳೆಯುತ್ತಿವೆ. ಹನ್ನೊಂದು ವರ್ಷದ ಏರಿಳಿತ ಇದೆ, ಆದರೆ ಒಟ್ಟಾರೆ ಏರಿಕೆ ಇಲ್ಲ. ಸೂರ್ಯ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಕೆಳಗಿನ ಪದರವೂ ಒಟ್ಟಿಗೇ ಬಿಸಿಯಾಗಬೇಕಿತ್ತು. ನಡೆದದ್ದು ಬೇರೆ: ನೆಲದ ಹತ್ತಿರ ಬಿಸಿ, ಮೇಲಿನ ಸ್ತರಗೋಳದಲ್ಲಿ ತಂಪು. ಹೀಗಾಗುತ್ತದೆ ಅಂತ ಹವಾಮಾನ ವಿಜ್ಞಾನಿ ಸ್ಯುಕುರೊ ಮನಾಬೆ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. 2021ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಅಂಕಿ ಬರುವ ಮೊದಲೇ ಹೇಳಿ, ಆಮೇಲೆ ಅಂಕಿ ಹಾಗೇ ಬಂದರೆ ಅದನ್ನು ಊಹೆ ಅಂತ ತಳ್ಳುವುದು ಕಷ್ಟ.

ಜಗತ್ತಿನ ಸರಾಸರಿಗಿಂತ ಭಾರತದ ಬಿಸಿಯೇರಿಕೆ ತುಸು ಕಡಿಮೆ. ಭೂವಿಜ್ಞಾನ ಸಚಿವಾಲಯದ 2020ರ ವರದಿ ಪ್ರಕಾರ 1901ರಿಂದ 2018ರವರೆಗೆ ದೇಶದ ಸರಾಸರಿ ಉಷ್ಣಾಂಶ ಏರಿರುವುದು ಸುಮಾರು 0.7 ಡಿಗ್ರಿ. ಇದಕ್ಕೆ ಒಂದು ಕಾರಣ ಗಾಳಿಯಲ್ಲಿರುವ ಹೊಗೆ, ಧೂಳು. ಇನ್ನೊಂದು ನೀರಾವರಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿಯ ಹೊಲಗಳಲ್ಲಿ ಭತ್ತ ನಿಂತಿತು. ನೀರು ಆವಿಯಾಗುವಾಗ ಹಗಲಿನ ಗಾಳಿಯನ್ನು ತಂಪು ಮಾಡುತ್ತದೆ. ಆದರೆ ಆ ತೇವ ಗಾಳಿಯಲ್ಲೇ ಉಳಿದು ಬೆವರು ಆರಲು ಬಿಡುವುದಿಲ್ಲ. ಥರ್ಮಾಮೀಟರ್ ಕಡಿಮೆ ತೋರಿಸಿದರೂ ನಾಟಿ ಮಾಡುವವರ ಮೈಗೆ ಸುಖ ಇಲ್ಲ. ಸಿಂಧನೂರಿನ 40 ಬೇರೆ, ದೇವದುರ್ಗದ ಎರೆ ಹೊಲದ 40 ಬೇರೆ.

ಇದೇ ಮಾತಿಗೆ ಇನ್ನೊಂದು. ಆರ್‌ಟಿಪಿಎಸ್ ಇರುವುದರಿಂದಲೇ ರಾಯಚೂರು ಇಷ್ಟು ಬಿಸಿ, ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಂದಲೇ ಬಳ್ಳಾರಿ ಕುದಿಯುತ್ತಿದೆ ಅಂತ ಹೇಳುವವರಿದ್ದಾರೆ. ಚಿಮಣಿಯಿಂದ ಹೋದ ಕಾರ್ಬನ್ ಡೈಆಕ್ಸೈಡ್ ಜಗತ್ತಿನ ಗಾಳಿಯಲ್ಲೆಲ್ಲ ಬೆರೆಯುತ್ತದೆ, ಊರ ಮೇಲೆ ಕೂತಿರುವುದಿಲ್ಲ. ಸ್ಥಾವರ ನಾಳೆ ನಿಲ್ಲಿಸಿದರೂ ಮುಂದಿನ ಮೇ ತಿಂಗಳು ತಂಪಾಗುವುದಿಲ್ಲ. ಹಾರುಬೂದಿ, ಧೂಳು, ಅದು ಎದೆಗೆ ಮಾಡುವ ಹಾನಿ ಮಾತ್ರ ನೂರಕ್ಕೆ ನೂರು ಸ್ಥಳೀಯ. ಹೋರಾಟ ಮಾಡುವವರು ಈ ಎರಡನ್ನೂ ಬೆರೆಸಿದರೆ ಕಾರ್ಖಾನೆಯವರಿಗೇ ಅನುಕೂಲ. ತಪ್ಪು ವಾದವನ್ನು ಬೀಳಿಸಿ ಸರಿಯಾದ ದೂರನ್ನೂ ಜೊತೆಗೇ ಮಣ್ಣು ಮಾಡುತ್ತಾರೆ.

"ಹೊರದೇಶದವರ ನಾಟಕ" ಅನ್ನುವ ಮಾತಿನಲ್ಲೂ ಅರ್ಧ ನ್ಯಾಯ ಇದೆ. ವರ್ಷಕ್ಕೆ ಅಮೆರಿಕದವನೊಬ್ಬನ ಪಾಲು ಸುಮಾರು 14 ಟನ್ ಕಾರ್ಬನ್ ಡೈಆಕ್ಸೈಡ್, ಭಾರತದವನದು ಸುಮಾರು 2. ಬಿಲ್ ಯಾರು ಕಟ್ಟಬೇಕು ಅನ್ನುವ ಜಗಳ ನಿಜವಾದದ್ದು, ಮಾಡಲೇಬೇಕಾದದ್ದು. ಆದರೆ ಬಿಲ್ಲೇ ಸುಳ್ಳು ಅಂದವನಿಗೆ ಅದನ್ನು ಬೇರೆಯವರು ಕಟ್ಟಲಿ ಅನ್ನುವ ಹಕ್ಕು ಉಳಿಯುವುದಿಲ್ಲ.

ಇನ್ನು ನಿಜಕ್ಕೂ ಸಂಶಯ ಪಡಬೇಕಾದ ಜಾಗ. ಮಳೆ. ಬಿಸಿಯೇರುವ ಲೆಕ್ಕದಷ್ಟು ಖಚಿತವಾಗಿ ಮುಂಗಾರಿನ ಲೆಕ್ಕ ಇಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಜಾಸ್ತಿ ತೇವ ಹಿಡಿಯುತ್ತದೆ, ಹಾಗಾಗಿ ಸುರಿದಾಗ ಜೋರಾಗಿ ಸುರಿಯುವ ಸಾಧ್ಯತೆ ಹೆಚ್ಚು. ಇಷ್ಟು ಗಟ್ಟಿ. ಅದೇ 2020ರ ವರದಿ ಹೇಳುವಂತೆ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇಕಡಾ 6 ಇಳಿದಿದೆ, ಅದೂ ಗಂಗಾ ಬಯಲು, ಪಶ್ಚಿಮ ಘಟ್ಟಗಳಲ್ಲಿ ಎದ್ದು ಕಾಣುವಷ್ಟು. ನಮ್ಮ ತುಂಗಭದ್ರಾ ಡ್ಯಾಂ ತುಂಬುವುದು ಘಟ್ಟದ ಮಳೆಯಿಂದಲೇ, ಹಾಗಾಗಿ ಇದು ನಮ್ಮ ಚಿಂತೆ. ಆದರೆ ಮುಂದೆ ಕೊಪ್ಪಳಕ್ಕೆ ಎಷ್ಟು, ಮಸ್ಕಿಗೆ ಎಷ್ಟು ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ಮುಂಗಾರಿನ ವಿಷಯದಲ್ಲಿ ಮಾದರಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಪ್ರತಿ ಅನಾಹುತಕ್ಕೂ ಹವಾಮಾನ ಬದಲಾವಣೆಯ ಹೆಸರು ಹೇಳುವುದನ್ನೂ ಅಷ್ಟೇ ಅನುಮಾನದಿಂದ ನೋಡಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದದ್ದು ಸರಪಳಿ ತುಂಡಾಗಿ. 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಈಗ 105ರ ಆಸುಪಾಸು ಹಿಡಿಯುತ್ತಿರುವುದು ಹೂಳಿನಿಂದ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಪ್ರವಾಹದಲ್ಲಿ ಮಳೆ ಅಸಾಧಾರಣವಾಗಿತ್ತು, ನಿಜ. ಆದರೆ ಹಳ್ಳದ ದಂಡೆಯಲ್ಲೇ ಮನೆ ಕಟ್ಟಿಕೊಂಡವರು ಅಲ್ಲಿಗೆ ಹೋದದ್ದು ಬೇರೆ ಜಾಗ ಇಲ್ಲದೆ. "ಹವಾಮಾನ ಬದಲಾವಣೆ" ಅಂದುಬಿಟ್ಟರೆ ಯಾರೂ ಉತ್ತರ ಕೊಡಬೇಕಾಗುವುದಿಲ್ಲ. ಅಧಿಕಾರದಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ.

ಕೊನೆಗೆ ಪಂಚಾಯಿತಿಯ ಮಳೆ ಮಾಪಕ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿ ಗ್ರಾಮ ಪಂಚಾಯಿತಿಗೂ ಟೆಲಿಮೆಟ್ರಿಕ್ ಮಾಪಕ ಹಾಕಿದೆ. 15 ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರಿಗೆ ಹೋಗುತ್ತದೆ. ಒಳ್ಳೆಯ ಕೆಲಸವೇ. ಆದರೆ ಇಷ್ಟು ಮಾಪಕಗಳು ಹಿಂದೆ ಇರಲಿಲ್ಲ. ಹಿಂದೆ ಯಾರ ಲೆಕ್ಕಕ್ಕೂ ಸಿಗದೆ ಹೋದ ಜೋರು ಮಳೆ ಈಗ ಸಿಗುತ್ತದೆ. ಹಾಗಾಗಿ "ಇತಿಹಾಸದಲ್ಲೇ ಮೊದಲ ಬಾರಿ" ಅನ್ನುವ ಸುದ್ದಿಗಳಲ್ಲಿ ಕೆಲವು ಮಾಪಕದ ಇತಿಹಾಸ, ಮಳೆಯದಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಕೊಪ್ಪಳದ ದಾಳಿಂಬೆ ಬೆಳೆಗಾರನಿಗೆ ದುಡ್ಡು ಬರುತ್ತದೋ ಇಲ್ಲವೋ ಅನ್ನುವುದನ್ನು ಇಂಥ ಅಂಕಿಗಳೇ ಹೇಳುವುದು. ಊರ ಈ ಕಡೆ ಮಳೆ, ಆ ಕಡೆ ಧೂಳು ಅನ್ನುವ ನಮ್ಮ ಸೀಮೆಯಲ್ಲಿ ಪಂಚಾಯಿತಿಗೊಂದು ಮಾಪಕ ಸಾಲದು. ಕೊಳವೆಗೆ ಎಲೆ ಬಿದ್ದರೆ, ಹಕ್ಕಿ ಗೂಡು ಕಟ್ಟಿದರೆ, ಪಕ್ಕದಲ್ಲಿ ಮರ ಬೆಳೆದರೆ ಅಂಕಿ ಕಡಿಮೆ ಬರುತ್ತದೆ.

ಭೂಮಿಯ ಸರಾಸರಿ ಉಷ್ಣಾಂಶದ ಲೆಕ್ಕವನ್ನು ಬೇರೆ ಬೇರೆ ದೇಶಗಳ ಹಲವು ತಂಡಗಳು ಪ್ರತ್ಯೇಕವಾಗಿ ಹಾಕುತ್ತವೆ, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಾರೆ. ನಿಮ್ಮ ಪಂಚಾಯಿತಿಯ ಅಂಕಿಯನ್ನು ಹಾಗೆ ಎರಡನೇ ಸಲ ನೋಡುವವರು ಯಾರೂ ಇಲ್ಲ. ಅದನ್ನು ಊರವರೇ ಮಾಡಬಹುದು. ಅಳತೆ ಗುರುತಿರುವ ಸಾದಾ ಮಳೆ ಮಾಪಕ ಒಂದನ್ನು ಮರ, ಗೋಡೆಗಳಿಂದ ದೂರ ನೆಟ್ಟು, ಇಲಾಖೆ ಓದುವ ಹೊತ್ತಿಗೇ, ಅಂದರೆ ಬೆಳಗ್ಗೆ 8.30ಕ್ಕೆ, ಬರೆದಿಡಬೇಕು. ಒಂದು ದಿನ ಐದು ಮಿಲಿಮೀಟರ್ ವ್ಯತ್ಯಾಸ ಬಂದರೆ ಏನೂ ಗೊತ್ತಾಗುವುದಿಲ್ಲ. ಮುಂಗಾರು, ಹಿಂಗಾರು ಎರಡೂ ಕಳೆದ ಮೇಲೂ ಸರ್ಕಾರಿ ಮಾಪಕ ಒಂದೇ ಸಮ ಕಡಿಮೆ ತೋರಿಸುತ್ತಿದ್ದರೆ, ಆ ನೋಟ್‌ಬುಕ್ ಹಿಡಿದು ತಾಲ್ಲೂಕಿನ ಕೃಷಿ, ತೋಟಗಾರಿಕೆ ಕಚೇರಿಗೆ ಹೋಗಿ ಮಾಪಕ ತಪಾಸಣೆ ಮಾಡಿಸಿ ಅಂತ ಲಿಖಿತವಾಗಿ ಕೇಳಬಹುದು.